ಯು ಇಲ್ಲದ ಕ್ಯೂ ಪದಗಳನ್ನು ಮಗಳು ಬಾಯಿಪಾಠ ಮಾಡುತ್ತಿದ್ದಾಳೆ, ಬಿಡಿಸಲಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದವರು. ಮಗಳು ಎಂಟನೇ ತರಗತಿ. ಐದನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಆಮೇಲೆ ಇಂಗ್ಲಿಷ್ ಮೀಡಿಯಂಗೆ ಹೋದವಳು. ಬೇಸಿಗೆ ರಜೆಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿ, ಅಕ್ಷರದ ಬಿಲ್ಲೆಗಳನ್ನು ಬೋರ್ಡಿನ ಮೇಲೆ ಜೋಡಿಸಿ ಇಂಗ್ಲಿಷ್ ಪದ ಮಾಡುವ ಸ್ಕ್ರ್ಯಾಬಲ್ ಆಟ ಕಲಿತು ಬಂದಳು, ಈಗ ಅದೇ ಹುಚ್ಚು. ನೆಟ್‌ನಲ್ಲಿ ‘ಕ್ಯೂ ಇರುವ ಐದಕ್ಷರದ ಪದಗಳು’, ‘ಝಡ್‌ನಿಂದ ಮುಗಿಯುವ ನಾಲ್ಕಕ್ಷರದ ಪದಗಳು’ ಅಂತ ಹುಡುಕಿ, ಪ್ರಿಂಟ್ ತೆಗೆಸಿ, ಬೀರು ಬಾಗಿಲಿಗೆ ಅಂಟಿಸಿದ್ದಾಳೆ. ಬಾಯಿಪಾಠ ಮಾಡುತ್ತಾಳೆ, ಅರ್ಥ ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ. ರಾತ್ರಿ ಊಟ ಆದಮೇಲೆ ನಾನೂ ಅವಳೂ ಮೊಬೈಲ್‌ನಲ್ಲಿ ವರ್ಡಲ್ ಆಡುತ್ತೇವೆ, ಐದಕ್ಷರದ ಒಂದು ಗುಟ್ಟಿನ ಪದವನ್ನು ಆರು ಸಲದೊಳಗೆ ಊಹಿಸುವ ಆಟ. ಅದಕ್ಕೂ ಅದೇ ಪಟ್ಟಿ ನೋಡುತ್ತಾಳೆ, ಆದರೂ ಸೋಲುತ್ತೇವೆ. ನನ್ನ ತಮ್ಮ ‘ಇವೆಲ್ಲ ಇಂಗ್ಲಿಷೇ ಅಲ್ಲ, ಕ್ಯೂ ಬಂದರೆ ಪಕ್ಕದಲ್ಲಿ ಯು ಬರಲೇಬೇಕು’ ಅಂತ ನಗುತ್ತಾನೆ. ಮೊನ್ನೆ ಶಾಲೆಯ ಪ್ರಬಂಧದಲ್ಲಿ ಕ್ಯೂ-ಐ ಅನ್ನುವ ಎರಡಕ್ಷರದ ಪದ ಬರೆದಿದ್ದಾಳೆ, ಮಿಸ್ ಕೆಂಪು ಗೆರೆ ಹೊಡೆದಿದ್ದಾರೆ. ಇದರಿಂದ ಅವಳ ಇಂಗ್ಲಿಷ್ ಸುಧಾರಿಸುತ್ತಾ, ಕೆಡುತ್ತಾ? ನಿಲ್ಲಿಸಬೇಕಾ? ನಮ್ಮವರು ದಪ್ಪ ಡಿಕ್ಷನರಿ ಕೊಡಿಸೋಣ ಅಂತಿದ್ದಾರೆ. ನಾನು ಪೂರ್ತಿ ಕನ್ನಡ ಮೀಡಿಯಂ, ನಾನು ಅವಳ ಜೊತೆ ಸ್ಕ್ರ್ಯಾಬಲ್ ಆಡಬಹುದಾ?

ಉತ್ತರ: ಮೇಡಂ, ಮೊದಲು ನಿಮ್ಮ ತಮ್ಮನ ಮಾತು ತೆಗೆದುಕೊಳ್ಳೋಣ, ಯಾಕೆಂದರೆ ಮನೆಯಲ್ಲಿ ಜಗಳ ಶುರುವಾಗಿರೋದು ಅಲ್ಲಿಂದ ಅನ್ನಿಸುತ್ತೆ.

ಕ್ಯೂ ಪಕ್ಕದಲ್ಲಿ ಯು ಇರಲೇಬೇಕು ಅನ್ನೋದು ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ. ಅದು ಮುಕ್ಕಾಲು ಸತ್ಯ. ಹಳೆಯ ಇಂಗ್ಲಿಷ್‌ನಲ್ಲಿ ಕ್ಯೂ-ಯು ಜೋಡಿಯೇ ಇರಲಿಲ್ಲ. ಈಗ ನಾವು ‘ಕ್ವೀನ್’ ಅನ್ನುವ ಪದವನ್ನು ಅವರು ಸಿ-ಡಬ್ಲ್ಯು ಹಾಕಿ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸ್‌ನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಬರವಣಿಗೆ ಅವರ ಪದ್ಧತಿಗೆ ತಿರುಗಿತು, ಲ್ಯಾಟಿನ್ ಮತ್ತು ಫ್ರೆಂಚ್‌ನ ಕ್ಯೂ-ಯು ಜೋಡಿ ಬಂದು ಕೂತಿತು. ಹೀಗಾಗಿ ಇಂಗ್ಲಿಷ್‌ನ ಮನೆಮಾತಿನ ಪದಗಳಲ್ಲಿ ಮತ್ತು ಫ್ರೆಂಚ್‌ನಿಂದ ಬಂದವುಗಳಲ್ಲಿ ಯು ತಪ್ಪೋದಿಲ್ಲ. ಆದರೆ ಆಮೇಲೆ ಅರಬ್ಬಿ, ಪಾರ್ಸಿ, ಹೀಬ್ರೂ, ಚೀನೀ ಭಾಷೆಗಳಿಂದ ಪದಗಳು ಬಂದವು. ಅರಬ್ಬಿಯಲ್ಲಿ ‘ಕ’ದ ಹಾಗೆ ಕೇಳುವ ಎರಡು ಅಕ್ಷರ ಇವೆ, ಕಾಫ್ ಮತ್ತು ಖಾಫ್. ಗಂಟಲ ಆಳದಿಂದ ಬರುವ ಎರಡನೆಯದನ್ನು ರೋಮನ್ ಲಿಪಿಯಲ್ಲಿ ಬರೆಯೋಕೆ ಬರೀ ಕ್ಯೂ ಬಳಸಿದರು. ಚೀನಾದವರು 1958ರಲ್ಲಿ ತಮ್ಮ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯೋ ಪಿನ್‌ಯಿನ್ ಪದ್ಧತಿ ತಂದಾಗ ‘ಚ’ದಂಥ ಒಂದು ಸದ್ದಿಗೆ ಕ್ಯೂ ಇಟ್ಟರು. ನಿಮ್ಮ ಮಗಳು ಬರೆದ ಕ್ಯೂ-ಐ ಅಲ್ಲಿಂದ ಬಂದದ್ದು. ಉಚ್ಚಾರ ‘ಚೀ’, ಅರ್ಥ ದೇಹದಲ್ಲಿ ಹರಿಯುವ ಪ್ರಾಣಶಕ್ತಿ. ಡಿಕ್ಷನರಿಯಲ್ಲಿ ಇದೆ. ತಮ್ಮನಿಗೆ ತೋರಿಸಿ.

ಇನ್ನು ಅವಳು ಅಂಟಿಸಿರುವ ಐದಕ್ಷರದ ಕ್ಯೂ ಪಟ್ಟಿಯಲ್ಲಿ ಏನೇನಿರುತ್ತೆ ಅಂತ ನನಗೆ ಅಂದಾಜಿದೆ. ಎಫ್-ಎ-ಕ್ಯೂ-ಐ-ಆರ್, ಫಕೀರ. ಟಿ-ಎ-ಎಲ್-ಎ-ಕ್ಯೂ, ತಲಾಖ್. ಎನ್-ಐ-ಕ್ಯೂ-ಎ-ಬಿ, ನಿಖಾಬ್. ಬಿ-ಯು-ಆರ್-ಕ್ಯೂ-ಎ, ಬುರ್ಖಾ, ಇದರಲ್ಲಿ ಯು ಇದೆ, ಆದರೆ ಕ್ಯೂಗಿಂತ ಮೊದಲೇ ಬರುತ್ತೆ. ಕ್ಯೂ-ಐ-ಬಿ-ಎಲ್-ಎ, ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು. ನಾಲ್ಕಕ್ಷರದಲ್ಲಿ ಕ್ಯೂ-ಎ-ಡಿ-ಐ ಇರುತ್ತೆ. ‘ಖಾಜಿ ನ್ಯಾಯ’ ಅಂತೀವಲ್ಲ, ಆ ಖಾಜಿಯೇ ಅದು. ನೋಡಿ, ಲಂಡನ್ನಿನ ಹುಡುಗನಿಗೆ ಇವೆಲ್ಲ ವಿಚಿತ್ರ ಪದಗಳು, ಹಾಸನದ ಹುಡುಗಿಗೆ ಬಸ್ ಸ್ಟ್ಯಾಂಡ್ ಹತ್ತಿರ ಕಿವಿಗೆ ಬೀಳೋ ಪದಗಳು. ಅವಳಿಗೆ ಅರ್ಥ ಗೊತ್ತಿಲ್ಲ ಅಂದಿದ್ದೀರಿ. ಗೊತ್ತಿದೆ ಮೇಡಂ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ನೋಡಿದಾಗ ಗುರುತು ಹತ್ತುತ್ತಿಲ್ಲ ಅಷ್ಟೆ.

ಆ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟದ ಪದ ಇನ್ನೊಂದಿದೆ. ಕ್ಯೂ-ಎ-ಎನ್-ಎ-ಟಿ, ಕನಾತ್. ಇರಾನ್ ಕಡೆ ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಇಳಿಜಾರು ಸುರಂಗದಲ್ಲಿ ಊರಿಗೆ ಹರಿಸಿಕೊಂಡು ಬರುವ ವ್ಯವಸ್ಥೆ. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಗುಂಡಿ ತೋಡಿರುತ್ತಾರೆ, ಗಾಳಿಗೂ ಹೂಳು ತೆಗೆಯೋಕೂ. ಅಂಥದ್ದು ನಮ್ಮಲ್ಲೇ ಇದೆ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿ ಇದೆಯಲ್ಲ, ಕರೇಜ್ ಅಂತಾರೆ, ಅದು ಕನಾತ್‌ನದ್ದೇ ಜಾತಿ. ಮಕ್ಕಳಿಗೆ ಇದರ ಫೋಟೋ ತೋರಿಸಿ ಹೇಳಿದಮೇಲೆ ಆ ಸ್ಪೆಲಿಂಗ್ ಮರೆತವರನ್ನು ನಾನು ಕಂಡಿಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾ, ಸಂಜೆ ಹೊತ್ತು ಮಕ್ಕಳಿಗೆ ಸ್ಕ್ರ್ಯಾಬಲ್ ಹೇಳಿಕೊಡುತ್ತಾ ಬಂದವನಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಅವಳು ಅಂಟಿಸಿರೋದು ಪದಸಂಪತ್ತು ಅಲ್ಲ, ಆಟದ ಸಾಮಾನು. ಸ್ಕ್ರ್ಯಾಬಲ್, ವರ್ಡಲ್, ಶಾಲೆಯ ಇಂಗ್ಲಿಷ್ ಮೂರಕ್ಕೂ ಒಂದೇ ಪಟ್ಟಿ ಆಗಿಬರೋದಿಲ್ಲ. ನೀವು ಸೋಲುತ್ತಿರೋದೂ, ಮಿಸ್ ಕೆಂಪು ಗೆರೆ ಹೊಡೆದದ್ದೂ ಈ ಬೆರಕೆಯಿಂದಲೇ.

ಸ್ಕ್ರ್ಯಾಬಲ್‌ಗೆ ಅರ್ಥ ಬೇಕಾ?

ನಿಯಮದ ಪ್ರಕಾರ ಬೇಡ. ಪದ ಒಪ್ಪಿತ ಪಟ್ಟಿಯಲ್ಲಿ ಇದ್ದರೆ ಸಾಕು, ಅರ್ಥ ಯಾರೂ ಕೇಳೋದಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅಂತ ಒಬ್ಬರಿದ್ದಾರೆ, ಇಂಗ್ಲಿಷ್ ಸ್ಕ್ರ್ಯಾಬಲ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್. 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಪಂದ್ಯವನ್ನೂ ಗೆದ್ದರು, ಫ್ರೆಂಚ್ ಮಾತಾಡೋಕೆ ಬರದೆ. ಪದಪಟ್ಟಿಯನ್ನೇ ತಲೆಗೆ ತುಂಬಿಕೊಂಡು ಹೋಗಿದ್ದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಹಾಗೇ ಮಾಡಿದರು. ಇದನ್ನು ನೋಡಿ ‘ಸರ್, ಅರ್ಥ ಯಾಕೆ ಸುಮ್ನೆ’ ಅಂತ ನನ್ನ ಹುಡುಗರು ವಾದ ಮಾಡುತ್ತಾರೆ. ನಾನು ಹೇಳೋದು ಇಷ್ಟೆ: ಆ ಮನುಷ್ಯನ ನೆನಪು ಬೇರೆ ಜಾತಿಯದು. ನಮ್ಮಂಥವರಿಗೆ ಬರೀ ಅಕ್ಷರದ ಸಾಲು ವಾರ ಕಳೆದರೆ ಕಲಸಿಹೋಗುತ್ತೆ. ಕ್ಯೂ-ಎ-ಎನ್-ಎ-ಟಿ ಆಗಿತ್ತೋ ಕ್ಯೂ-ಎ-ಎನ್-ಟಿ-ಎ ಆಗಿತ್ತೋ? ಅರ್ಥದ ಒಂದು ಗೂಟ ಇದ್ದರೆ ಪದ ಅಲ್ಲಾಡೋದಿಲ್ಲ.

ಈ ಆಟದ ಲೆಕ್ಕ ಹೇಗೆ ಅಂತ ಗೊತ್ತಾದರೆ ಯಾವ ಪದ ಕಲಿಯಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಅಮೆರಿಕದಲ್ಲಿ 1930ರ ದಶಕದಲ್ಲಿ ಆರ್ಥಿಕ ಕುಸಿತದಿಂದ ಕೆಲಸ ಹೋದ ಆಲ್ಫ್ರೆಡ್ ಬಟ್ಸ್ ಎಂಬ ಆರ್ಕಿಟೆಕ್ಟ್ ಕಟ್ಟಿದ ಆಟ ಇದು. ದಿನಪತ್ರಿಕೆ ಹಿಡಿದು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಬಿಲ್ಲೆಗಳ ಸಂಖ್ಯೆ ನಿರ್ಧರಿಸಿದರು. ಒಟ್ಟು 100 ಬಿಲ್ಲೆ, ಅದರಲ್ಲಿ 2 ಖಾಲಿ. ಇ ಅಕ್ಷರ 12, ಎ ಮತ್ತು ಐ ತಲಾ 9, ಓ 8. ಕ್ಯೂ, ಝಡ್, ಜೆ, ಎಕ್ಸ್, ಕೆ ಒಂದೊಂದೇ. ಎಸ್ ಮಾತ್ರ ಬಳಕೆಗೆ ಹೋಲಿಸಿದರೆ ತೀರಾ ಕಮ್ಮಿ, ಬರೀ 4, ಬೇಕಂತಲೇ. ಇಲ್ಲದಿದ್ದರೆ ಎಲ್ಲರೂ ಬಹುವಚನ ಮಾಡಿಕೊಂಡು ಕೂರುತ್ತಿದ್ದರು.

ಕ್ಯೂಗೆ 10 ಅಂಕ. ಯು ಇರೋದು ನಾಲ್ಕೇ ಬಿಲ್ಲೆ, ಆ ನಾಲ್ಕೂ ಬೇರೆಯವರ ಕೈ ಸೇರಿದರೆ ಕ್ಯೂ ಕೊನೆಯವರೆಗೂ ನಿಮ್ಮ ತಟ್ಟೆಯಲ್ಲೇ ಕೂತು ಕೊನೆಗೆ ನಿಮ್ಮ ಅಂಕವನ್ನೇ ಕಡಿಯುತ್ತೆ. ಅದಕ್ಕೇ ಯು ಇಲ್ಲದ ಕ್ಯೂ ಪದಗಳಿಗೆ ಆಟಗಾರರು ಮುಗಿಬೀಳೋದು. ಒಂದು ಉದಾಹರಣೆ ನೋಡಿ. ಬೋರ್ಡಿನ ಮೇಲೆ ಯಾರೋ ಆರ್-ಎ-ಜಿ-ಐ, ಅಂದರೆ ನಮ್ಮ ರಾಗಿಯನ್ನೇ ಅಡ್ಡಕ್ಕೆ ಇಟ್ಟಿದ್ದಾರೆ ಅಂದುಕೊಳ್ಳಿ. ಹೌದು, ರಾಗಿ ಒಪ್ಪಿತ ಪದ, 5 ಅಂಕ. ನಿಮ್ಮ ಹತ್ತಿರ ಕ್ಯೂ ಮತ್ತು ಒಂದು ಐ ಇದೆ. ರಾಗಿಯ ಕೊನೆಯ ಐ ಇದೆಯಲ್ಲ, ಅದರ ನೇರ ಮೇಲಿನ ಮನೆಯಲ್ಲಿ ಕ್ಯೂ ಇಡಿ, ಕ್ಯೂನ ಬಲಕ್ಕೆ ನಿಮ್ಮ ಐ ಇಡಿ. ಈಗ ಅಡ್ಡಕ್ಕೆ ಒಂದು ‘ಚೀ’, ಉದ್ದಕ್ಕೆ ಒಂದು ‘ಚೀ’. ಕ್ಯೂ ಇಟ್ಟ ಮನೆ ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆ ಆಗಿದ್ದರೆ ಕ್ಯೂ 30, ಐ 1, ಒಟ್ಟು 31. ಎರಡು ದಿಕ್ಕಿಗೂ ಸಿಗೋದರಿಂದ 62 ಅಂಕ. ಎರಡು ಬಿಲ್ಲೆಗೆ! ಸಾಮಾನ್ಯ ಮನೆ ಆಗಿದ್ದರೂ 22. ಹತ್ತಕ್ಷರದ ಉದ್ದುದ್ದ ಪದ ಗೊತ್ತಿರುವ ಎಂ.ಎ. ಇಂಗ್ಲಿಷ್‌ನವರನ್ನು ಆರನೇ ಕ್ಲಾಸಿನ ಹುಡುಗ ಸೋಲಿಸೋದು ಹೀಗೆ.

ಹಾಗಾಗಿ ಅವಳು ಐದಕ್ಷರದ ಪಟ್ಟಿಯಿಂದ ಶುರು ಮಾಡಿರೋದೇ ತಲೆಕೆಳಗು. ಮೊದಲು ಎರಡಕ್ಷರದ ಪದಗಳು. ನಮ್ಮಲ್ಲಿ ಪಂದ್ಯಗಳಲ್ಲಿ ಬಳಸುವ, ಬ್ರಿಟನ್ನಿನ ಡಿಕ್ಷನರಿ ಪ್ರಕಾಶಕರಾದ ಕಾಲಿನ್ಸ್‌ನವರ ಪಟ್ಟಿಯಲ್ಲಿ ಅವು 120ಕ್ಕಿಂತ ಸ್ವಲ್ಪ ಜಾಸ್ತಿ, ಅದರಲ್ಲಿ ಅರ್ಧ ಅವಳಿಗೆ ಈಗಾಗಲೇ ಗೊತ್ತಿರುತ್ತೆ. ಉಳಿದವುಗಳಲ್ಲಿ ಮಜಾ ಇದೆ. ಝಡ್-ಎ ಅಂದರೆ ಅಮೆರಿಕದ ಹುಡುಗರ ಬಾಯಲ್ಲಿ ಪಿಜ್ಜಾ. ಜೆ-ಓ ಸ್ಕಾಟ್ಲೆಂಡಿನ ಕಡೆ ಪ್ರೀತಿಪಾತ್ರರನ್ನು ಕರೆಯುವ ಮಾತು. ಎಕ್ಸ್-ಯು ವಿಯೆಟ್ನಾಂನಲ್ಲಿ ಹಿಂದೆ ಇದ್ದ ಚಿಲ್ಲರೆ ನಾಣ್ಯ. ಕೆ-ಎ ಹಳೆಯ ಈಜಿಪ್ಟಿನವರ ಪ್ರಕಾರ ಸತ್ತಮೇಲೂ ಉಳಿಯುವ ಜೀವಾಂಶ. ಎ-ಎ ಹವಾಯಿ ದ್ವೀಪದ ಒರಟು ಲಾವಾ ಕಲ್ಲು. ಝಡ್-ಓ ಹಿಮಾಲಯದ ಕಡೆ ಯಾಕ್ ಮತ್ತು ಹಸುವಿನ ಮಿಶ್ರತಳಿ. ವಿ ಅಕ್ಷರಕ್ಕೆ ಮಾತ್ರ ಎರಡಕ್ಷರದ ಪದ ಒಂದೂ ಇಲ್ಲ. ಹಾಗಾಗಿ ಎದುರಾಳಿಗೆ ದಾರಿ ಮುಚ್ಚಬೇಕಾದರೆ ವಿ ಇಡುತ್ತಾರೆ ಗಟ್ಟಿ ಆಟಗಾರರು.

ಆಮೇಲೆ ಯು ಇಲ್ಲದ ಕ್ಯೂ ಪದಗಳು, ಆಮೇಲೆ ಜೆ, ಎಕ್ಸ್, ಝಡ್ ಇರುವ ಮೂರಕ್ಷರದವು. ಅದಾದಮೇಲೆ ಕೈ ತುಂಬಾ ಸ್ವರವೇ ಬಂದಾಗ ಕಳಚಿಕೊಳ್ಳೋಕೆ ಕೆಲವು: ಎ-ಎ-ಎಲ್-ಐ-ಐ ಅಂತ ಹವಾಯಿಯ ಒಂದು ಗಿಡ ಇದೆ, ಐದರಲ್ಲಿ ನಾಲ್ಕು ಸ್ವರ. ಕಾಲಿನ್ಸ್ ಪಟ್ಟಿಯಲ್ಲಿ ಇ-ಯು-ಓ-ಯು-ಎ-ಇ ಅಂತ ಬರೀ ಸ್ವರದ್ದೇ ಒಂದು ಪದ ಇದೆ, ಚರ್ಚಿನ ಹಳೆಯ ಸ್ತೋತ್ರಗಾಯನದಲ್ಲಿ ಲ್ಯಾಟಿನ್ ಸಾಲಿನ ಕೊನೆಯ ಎರಡು ಪದಗಳಿಂದ ಸ್ವರಗಳನ್ನಷ್ಟೇ ಹೆಕ್ಕಿ ಮಾಡಿಕೊಂಡ ಗುರುತು. ಸ್ವರವೇ ಬಾರದಿದ್ದರೆ ಸಿ-ಡಬ್ಲ್ಯು-ಎಂ, ವೇಲ್ಸ್ ಭಾಷೆಯಿಂದ ಬಂದದ್ದು, ಬೆಟ್ಟದ ಮಡಿಲಿನ ಕಣಿವೆ. ಎವರೆಸ್ಟ್ ಹತ್ತುವವರ ಬರಹಗಳಲ್ಲಿ ‘ವೆಸ್ಟರ್ನ್ ಕೂಮ್’ ಅಂತ ಓದಿರುತ್ತೀರಲ್ಲ, ಅದೇ.

ಇದೆಲ್ಲ ಕೈಗೆ ಹತ್ತಿದಮೇಲೆ ತಟ್ಟೆಯಲ್ಲಿರುವ ಏಳೂ ಬಿಲ್ಲೆ ಒಟ್ಟಿಗೆ ಇಟ್ಟು 50 ಅಂಕದ ಬೋನಸ್ ಹೊಡೆಯೋದು. ಅದಕ್ಕೆ ಕ್ಯೂ ಝಡ್ ಬೇಡ. ಎ, ಇ, ಐ, ಎನ್, ಆರ್, ಟಿ ಈ ಆರು ಸಾಧಾರಣ ಅಕ್ಷರ ಸೇರಿದರೆ ‘ರೆಟಿನಾ’, ‘ರಿಟೇನ್’. ಅದಕ್ಕೆ ಒಂದು ಎಸ್ ಸಿಕ್ಕಿತು ಅನ್ನಿ: ರಿಟೇನ್ಸ್, ನ್ಯಾಸ್ಟಿಯರ್, ಸ್ಟೇನರ್, ಇನ್ನೂ ಹಲವು. ಒಂದೇ ಏಳು ಅಕ್ಷರ. ಇಂಥ ಪದಗಳು ಇಂಗ್ಲಿಷ್ ಕಲಿಯೋಕೂ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಪಾಪ, ಮಕ್ಕಳಿಗೆ ಇದು ಕ್ಯೂನಷ್ಟು ರೋಮಾಂಚನ ಕೊಡೋದಿಲ್ಲ.

ವರ್ಡಲ್‌ನಲ್ಲಿ ಯಾಕೆ ಸೋಲುತ್ತಿದ್ದೀರಿ

ಅವಳ ಪಟ್ಟಿ ಅಲ್ಲಿ ಕೆಲಸಕ್ಕೇ ಬರೋದಿಲ್ಲ, ಬದಲಿಗೆ ದಾರಿ ತಪ್ಪಿಸುತ್ತೆ. ವರ್ಡಲ್ ಮಾಡಿದವರು ಜಾಶ್ ವಾರ್ಡಲ್, ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ಆಟ. ಇಂಗ್ಲಿಷ್‌ನ ಸುಮಾರು 12,000 ಐದಕ್ಷರದ ಪದಗಳನ್ನು ಆಕೆಯ ಮುಂದಿಟ್ಟು, ಗೊತ್ತಿರುವ ಪದ ಯಾವುದು ಅಂತ ಆರಿಸಿ, ಉತ್ತರಗಳನ್ನು ಸುಮಾರು 2,500ಕ್ಕೆ ಇಳಿಸಿದರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಅಂದರೆ ಊಹೆಗೆ ಕನಾತ್ ಅಂತ ಹಾಕಿದರೆ ಆಟ ಒಪ್ಪಬಹುದು, ಆದರೆ ಅಂಥದ್ದು ಉತ್ತರ ಆಗಿ ಬರುತ್ತೆ ಅಂತ ಕಾಯಬೇಡಿ. ಉತ್ತರ ದಿನಬಳಕೆಯ ಪದವೇ. ಬರೀ ಬಹುವಚನಕ್ಕೆ ಎಸ್ ಹಚ್ಚಿದ ಪದ ಉತ್ತರವಾಗೋದೂ ತೀರಾ ಅಪರೂಪ. ಕೊನೆಯ ಅಕ್ಷರ ಇ ಅಥವಾ ವೈ ಆಗಿರೋದು ಜಾಸ್ತಿ, ಮೊದಲ ಅಕ್ಷರ ಎಸ್ ಆಗಿರೋದು ಜಾಸ್ತಿ.

ಅಪರೂಪದ ಅಕ್ಷರ ಹುಡುಕೋದು ಬಿಟ್ಟು ಸಾಮಾನ್ಯ ಅಕ್ಷರದಿಂದ ಶುರು ಮಾಡಿ. ಕ್ರೇನ್, ಸ್ಲೇಟ್ ಇಂಥ ಪದ ಚೆನ್ನಾಗಿ ಕೆಲಸ ಮಾಡುತ್ತವೆ. ‘ಅಡ್ಯೂ’ ಹಾಕಿ ನಾಲ್ಕು ಸ್ವರ ಒಟ್ಟಿಗೆ ತಿಳ್ಕೊಳ್ಳೋದು ಬುದ್ಧಿವಂತಿಕೆ ಅಂತ ತುಂಬಾ ಜನ ನಂಬಿದ್ದಾರೆ. ನಾನು ಒಪ್ಪೋದಿಲ್ಲ. ಸ್ವರ ಗೊತ್ತಾದರೂ ಪದ ಗೊತ್ತಾಗೋದಿಲ್ಲ, ಪದವನ್ನು ಬಿಟ್ಟುಕೊಡೋದು ಆರ್, ಟಿ, ಎಲ್, ಎಸ್, ಎನ್ ಥರದ ವ್ಯಂಜನಗಳು.

ನೀವು ಸೋತ ಆಟಗಳಲ್ಲಿ ಒಂದಾದರೂ ಹೀಗಿತ್ತಾ ನೆನಪು ಮಾಡಿಕೊಳ್ಳಿ: ಕೊನೆಯ ನಾಲ್ಕು ಅಕ್ಷರ ಐ-ಜಿ-ಹೆಚ್-ಟಿ ಹಸಿರಾಗಿದೆ, ಅಂದರೆ ಸರಿಯಾದ ಜಾಗದಲ್ಲಿದೆ, ಮೊದಲನೆಯದು ಮಾತ್ರ ಗೊತ್ತಿಲ್ಲ. ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಫೈಟ್. ಒಂದೊಂದೇ ಹಾಕುತ್ತಾ ಹೋದರೆ ಅವಕಾಶ ಮುಗಿದುಹೋಗುತ್ತೆ. ಅಲ್ಲಿ ಒಂದು ಅವಕಾಶ ಬಲಿಕೊಟ್ಟು ‘ಫಿಲ್ಮ್ಸ್’ ಹಾಕಿ ನೋಡಿ. ಅದು ಉತ್ತರ ಅಲ್ಲ ಅಂತ ನಿಮಗೂ ಗೊತ್ತು, ಆದರೆ ಎಫ್, ಎಲ್, ಎಂ, ಎಸ್ ನಾಲ್ಕನ್ನೂ ಒಂದೇ ಏಟಿಗೆ ಪರೀಕ್ಷೆ ಮಾಡಿದ ಹಾಗಾಯಿತು. ಸೆಟ್ಟಿಂಗ್‌ನಲ್ಲಿ ಹಾರ್ಡ್ ಮೋಡ್, ಅಂದರೆ ಗೊತ್ತಾದ ಅಕ್ಷರಗಳನ್ನು ಮುಂದಿನ ಊಹೆಯಲ್ಲೂ ಬಳಸಲೇಬೇಕು ಅನ್ನೋ ಆಯ್ಕೆ, ಹಾಕಿದ್ದರೆ ಮಾತ್ರ ಈ ಉಪಾಯ ನಡೆಯೋದಿಲ್ಲ.

ಈ ಪಟ್ಟಿಗಳಿಂದ ಇಂಗ್ಲಿಷ್ ಕೆಡುತ್ತಾ?

ಕೆಡೋದಿಲ್ಲ, ಆದರೆ ತಾನಾಗೇ ಸುಧಾರಿಸೋದೂ ಇಲ್ಲ. ಅಪಾಯ ಇರೋದು ಬೇರೆ ಕಡೆ. ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ ತುಂಬಾ ಕಸ ಇರುತ್ತೆ. ಬ್ರಿಟನ್ನಿನ ಪಟ್ಟಿಯೇ ಬೇರೆ, ಅಮೆರಿಕ ಮತ್ತು ಕೆನಡಾದ ಪಟ್ಟಿಯೇ ಬೇರೆ. ಎರಡನ್ನೂ ಕಲಸಿ ಹಾಕಿರುತ್ತಾರೆ, ಊರಿನ ಹೆಸರು, ಮನುಷ್ಯರ ಹೆಸರು, ಮೊಬೈಲ್ ಸಂಕ್ಷೇಪ ಎಲ್ಲ ನುಗ್ಗಿರುತ್ತೆ. ಪಟ್ಟಿಯಲ್ಲಿ ಅರ್ಥ ಕೊಟ್ಟಿದ್ದರೂ ಅದು ಸರಿಯಾ ಅಂತ ಯಾರೂ ಓದಿ ನೋಡಿರೋದಿಲ್ಲ. ಪಟ್ಟಿ ಎಂಥದ್ದು ಅಂತ ಪರೀಕ್ಷೆ ಮಾಡೋದು ಸುಲಭ. ಯಾವ ಡಿಕ್ಷನರಿ ಪ್ರಕಾರ ಅಂತ ಮೇಲೆ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಕಣ್ಣು ಮುಚ್ಚಿ ನಾಲ್ಕೈದು ಪದ ಆರಿಸಿ, ಕಾಲಿನ್ಸ್‌ನವರೇ ನೆಟ್‌ನಲ್ಲಿ ಉಚಿತವಾಗಿ ಕೊಟ್ಟಿರುವ ಸ್ಕ್ರ್ಯಾಬಲ್ ಪರೀಕ್ಷಕದಲ್ಲಿ ಹಾಕಿ. ಒಂದು ತಪ್ಪಿದರೂ ಆ ಪ್ರಿಂಟ್ ಕಿತ್ತು ಬಿಸಾಡಿ.

ಹೆಸರಿನ ವಿಷಯಕ್ಕೆ ಒಂದು ತಮಾಷೆ. ಮೈಸೂರು, ಕನ್ನಡ ಇವನ್ನು ಇಡೋಕೆ ಆಗೋದಿಲ್ಲ, ದೊಡ್ಡಕ್ಷರದಿಂದ ಶುರುವಾಗುವ ಹೆಸರುಗಳು ಅವು. ಆದರೆ ಜಪಾನ್ ಇಡಬಹುದು! ಜೆ-ಎ-ಪಿ-ಎ-ಎನ್ ಸಣ್ಣಕ್ಷರದಲ್ಲಿ ಬರೆದರೆ ಮರಕ್ಕೆ ಬಳಿಯುವ ಕಪ್ಪು ಮೆರುಗೆಣ್ಣೆ ಅಂತ ಅರ್ಥ.

ಇನ್ನೊಂದು ವಿಷಯ ತಾಯಿಯಾಗಿ ನಿಮಗೆ ಗೊತ್ತಿರಲಿ. ಈ ಪಟ್ಟಿಗಳಲ್ಲಿ ಬೈಗುಳ, ಜನಾಂಗ ನಿಂದನೆಯ ಪದಗಳೂ ಇದ್ದವು. 2021ರಲ್ಲಿ ಸುಮಾರು 400 ಅಂಥ ಪದಗಳನ್ನು ಕಾಲಿನ್ಸ್ ಸ್ಕ್ರ್ಯಾಬಲ್ ಪಟ್ಟಿಯಿಂದ ತೆಗೆದರು. ಹಳೆಯ ಪ್ರಿಂಟ್‌ಗಳಲ್ಲಿ ಇನ್ನೂ ಇರುತ್ತವೆ, ಕೆಟ್ಟ ಪದಗಳೆಲ್ಲ ಹೋಗಿವೆ ಅಂತಲೂ ಅಲ್ಲ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ ಹುಡುಗಿ ಅದನ್ನು ಕ್ಲಾಸಿನಲ್ಲಿ ಹೇಳಿಬಿಟ್ಟರೆ ಕಷ್ಟ. ಅರ್ಥ ನೋಡಿ ಅಂತ ನಾನು ಒತ್ತಿ ಹೇಳೋಕೆ ಇದೂ ಒಂದು ಕಾರಣ.

ಶಾಲೆಯ ಇಂಗ್ಲಿಷ್‌ಗೆ ಸಹಾಯ ಆಗಬೇಕಾದರೆ ಪದವನ್ನು ಉದ್ದದ ಪ್ರಕಾರ ಜೋಡಿಸೋದಕ್ಕಿಂತ ಸ್ಪೆಲಿಂಗ್ ಗುಂಪಿನ ಪ್ರಕಾರ ಜೋಡಿಸಿ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳಲ್ಲಿ ನಾನು ಯಾವಾಗಲೂ ನೋಡೋ ತೊಂದರೆ ಒಂದಿದೆ. ನಮಗೆ ರಾಗಿ ಅಂದರೆ ಎರಡೇ ಅಕ್ಷರ, ಇಂಗ್ಲಿಷ್‌ನಲ್ಲಿ ನಾಲ್ಕು. ನಮ್ಮ ಅಕ್ಷರದಲ್ಲಿ ಸ್ವರ ವ್ಯಂಜನದ ಒಳಗೇ ಕೂತಿರುತ್ತೆ, ಮಕ್ಕಳು ಕಿವಿಯಿಂದ ಎಣಿಸುತ್ತಾರೆ. ಹಾಗಾಗಿ ವ್ಯಂಜನಗಳು ಸರಿ ಇರುತ್ತವೆ, ಸ್ವರ ತಪ್ಪುತ್ತೆ. ಡಾಕ್ಟರ್, ಪೇಪರ್, ಶುಗರ್ ಮೂರೂ ನಮ್ಮ ಬಾಯಲ್ಲಿ ‘ಅರ್’. ಬರೆಯುವಾಗ ಒಂದಕ್ಕೆ ಓ-ಆರ್, ಒಂದಕ್ಕೆ ಇ-ಆರ್, ಒಂದಕ್ಕೆ ಎ-ಆರ್. ವರ್ಡಲ್ ಇಲ್ಲಿ ನಿಜವಾಗಿ ಉಪಕಾರ ಮಾಡುತ್ತೆ, ಯಾಕೆಂದರೆ ಪ್ರತಿ ಅಕ್ಷರಕ್ಕೂ ಒಂದೊಂದು ಮನೆ, ಯಾವುದನ್ನೂ ನುಂಗೋಕೆ ಆಗೋದಿಲ್ಲ.

ಆ ಐ-ಜಿ-ಹೆಚ್-ಟಿ ಗುಂಪನ್ನೇ ತಗೊಳ್ಳಿ. ಉಚ್ಚಾರ ಇಲ್ಲದ ಜಿ-ಹೆಚ್ ಯಾಕೆ ಬೇಕಿತ್ತು ಅಂತ ಮಕ್ಕಳು ಬೈದುಕೊಳ್ಳುತ್ತಾರೆ. ಹಿಂದೆ ಅದಕ್ಕೆ ಉಚ್ಚಾರ ಇತ್ತು, ಗಂಟಲಿನಿಂದ ‘ನಿಖ್ಟ್’ ಅನ್ನುವ ಹಾಗೆ. ಸದ್ದು ಸವೆದುಹೋಯಿತು, ಬರವಣಿಗೆಯಲ್ಲಿ ಗುರುತು ಉಳಿಯಿತು. ಕೆ-ಎನ್‌ನಿಂದ ಶುರುವಾಗುವ ನೈಫ್, ನೀ, ನಾಟ್ ಕೂಡ ಹಾಗೇ, ಆ ‘ಕ’ವನ್ನು ಹಿಂದಿನವರು ಬಾಯಿಬಿಟ್ಟು ಹೇಳುತ್ತಿದ್ದರು. ಇಂಗ್ಲಿಷ್ ಪದ ವಿ ಅಕ್ಷರದಿಂದ ಮುಗಿಯೋಕೆ ಹಿಂಜರಿಯುತ್ತೆ, ಅದಕ್ಕೇ ಹ್ಯಾವ್, ಗಿವ್, ಲವ್ ಎಲ್ಲದಕ್ಕೂ ಬಾಲದಲ್ಲಿ ಇ. ಜೆ-ಯಿಂದಲೂ ಮುಗಿಯೋದಿಲ್ಲ, ಮುಗಿದರೆ ಹೊರಗಿನದು ಅಂತಲೇ ಲೆಕ್ಕ: ಹಜ್, ತಾಜ್, ರಾಜ್, ಸ್ವರಾಜ್. ಇಂಥ ಕಾರಣ ನಾಲ್ಕು ತಿಳಿದರೆ ನೂರು ಸ್ಪೆಲಿಂಗ್ ತಾನಾಗೇ ಕೂರುತ್ತೆ.

ಕ್ಯೂ-ಐ ಬಗ್ಗೆ ಮಿಸ್ ಜೊತೆ ವಾದಕ್ಕೆ ಹೋಗಬೇಡಿ. ಪದ ಸರಿ, ಜಾಗ ಸರಿ ಇರಲಿಲ್ಲ ಅನ್ನಿಸುತ್ತೆ. ಎಂಟನೇ ಕ್ಲಾಸಿನ ಪ್ರಬಂಧದಲ್ಲಿ ‘ಎನರ್ಜಿ’ ಅಂತ ಬರೆದರೆ ಮುಗಿಯಿತು. ಮಗಳಿಗೆ ಇಷ್ಟು ಹೇಳಿ: ಬೋರ್ಡಿನ ಮೇಲೆ ಇಡುವ ಪದ ಬೋರ್ಡಿಗೆ, ಬರೆಯುವಾಗ ಓದುವವರಿಗೆ ಗೊತ್ತಿರುವ ಪದ. ಝಡ್-ಎ ಅಂತ ಬರೆದು ಪಿಜ್ಜಾ ಅಂದುಕೊಳ್ಳಿ ಅಂದರೆ ಯಾವ ಮೇಷ್ಟ್ರೂ ಅಂಕ ಕೊಡೋದಿಲ್ಲ, ನಾನೂ ಕೊಡೋದಿಲ್ಲ.

ನೀವು ಆಡಬಹುದಾ?

ಖಂಡಿತ. ಕನ್ನಡ ಮೀಡಿಯಂ ಅಂತ ಹಿಂಜರಿಯಬೇಡಿ, ನಿಮ್ಮ ಅಡುಗೆಮನೆಯಲ್ಲೇ ಅರ್ಧ ಪಟ್ಟಿ ಇದೆ. ಇಡ್ಲಿ, ದೋಸಾ, ರಾಯಿತಾ, ತುಪ್ಪದ ‘ಘೀ’, ಬೇಳೆಯ ‘ದಾಲ್’. ಹೊರಗೆ ಬಂದರೆ ಧೋತಿ, ಲುಂಗಿ, ಸ್ಯಾರಿ, ಬೇವಿನ ‘ನೀಮ್’. ಎಲ್-ಎ-ಕೆ-ಹೆಚ್, ಲಕ್ಷ, ನಾಲ್ಕೇ ಅಕ್ಷರಕ್ಕೆ 11 ಅಂಕ. ಕೋಟಿಯ ‘ಕ್ರೋರ್’ ಐದಕ್ಷರ ಇದ್ದರೂ 7. ಟಿ-ಎ-ಎಲ್-ಯು-ಕೆ, ತಾಲೂಕು. ಲಾಠಿ ಇದೆ, ಘೇರಾವ್ ಇದೆ, ಗೋಡೌನ್ ಇದೆ. ವೀಣಾ, ತಬಲಾ, ರಿಷಿ, ಪ್ರಾಣ ಎಲ್ಲ ಇವೆ. ಜೆ-ಎನ್-ಎ-ಎನ್-ಎ ಅಂತ ನಮ್ಮ ಜ್ಞಾನವೂ ಐದಕ್ಷರದ ಪದವಾಗಿ ಕೂತಿದೆ, 12 ಅಂಕ. ಜೆ ಪಕ್ಕದಲ್ಲಿ ಎನ್ ನೋಡಿ ಎದುರಿನವರು ಇದೇನು ಅಂತ ಗಾಬರಿ ಬೀಳೋದು ಗ್ಯಾರಂಟಿ.

ಒಂದೇ ಎಚ್ಚರ, ಸ್ಪೆಲಿಂಗ್. ನಮ್ಮ ಪದಗಳನ್ನು ಇಂಗ್ಲಿಷರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು, ಒಬ್ಬೊಬ್ಬರು ಒಂದೊಂದು ಥರ. ಧೋತಿಗೆ ನಾಲ್ಕು ಸ್ಪೆಲಿಂಗ್ ಒಪ್ಪಿತ, ಫಕೀರನಿಗೆ ಕೆ ಹಾಕಿದರೂ ಸರಿ, ಕ್ಯೂ ಹಾಕಿದರೂ ಸರಿ, ರಾಗಿಗೆ ಕೊನೆಯಲ್ಲಿ ಡಬಲ್ ಇ ಹಾಕಿದ್ದೂ ಇದೆ. ಹಾಗಂತ ಮನಸ್ಸಿಗೆ ಬಂದ ಹಾಗೆ ಇಟ್ಟರೆ ನಡೆಯೋದಿಲ್ಲ. ಇಡ್ಲಿಯನ್ನೇ ನೋಡಿ. ಹೋಟೆಲ್ ಬೋರ್ಡುಗಳಲ್ಲಿ ಕೊನೆಗೆ ವೈ ಹಾಕಿರುತ್ತಾರೆ. ಸ್ಕ್ರ್ಯಾಬಲ್‌ನಲ್ಲಿ ಅದೂ ಸಿಂಧು, ಆದರೆ ಅದು ಇಡ್ಲಿ ಅಲ್ಲ, ‘ಸೋಮಾರಿಯಾಗಿ’ ಅಂತ ಅರ್ಥ ಬರುವ ಬೇರೆಯೇ ಪದ. ಐ ಹಾಕಿದರೆ 5 ಅಂಕ, ವೈ ಹಾಕಿದರೆ 8. ನಾನಾದರೆ ಸೋಮಾರಿತನವನ್ನೇ ಆರಿಸುತ್ತೇನೆ.

ಇನ್ನು ಮನೆಯಲ್ಲಿ ಹೇಗೆ ನಡೆಸೋದು ಅಂತ. ನಿಲ್ಲಿಸೋದು ಒಂದು ದಾರಿ. ನಿಲ್ಲಿಸಿದರೆ ಓದು ಜಾಸ್ತಿ ಆಗುತ್ತೆ ಅನ್ನೋ ಭರವಸೆ ನನಗಿಲ್ಲ. ಆ ಹೊತ್ತು ಮೊಬೈಲಿನ ಬೇರೆ ಯಾವುದಕ್ಕೋ ಹೋಗುತ್ತೆ. ಈಗಿನ ಹಾಗೇ ಬಿಡೋದು ಇನ್ನೊಂದು. ಬಿಟ್ಟರೆ ಪಟ್ಟಿ ಬೆಳೆಯುತ್ತೆ, ಗೋಡೆ ತುಂಬುತ್ತೆ, ಕೆಲವು ತಿಂಗಳಲ್ಲಿ ಬೇಜಾರು ಬಂದು ಎಲ್ಲ ಮರೆಯುತ್ತೆ. ನಾನು ಹೇಳೋದು, ಬೀರು ಮೇಲಿನ ಪ್ರಿಂಟ್‌ಗಳನ್ನು ತೆಗೆಸಿ, ಒಂದು ನೋಟ್‌ಬುಕ್ ಕೊಡಿ. ವಾರಕ್ಕೆ ಹತ್ತು ಪದ ಸಾಕು, ಎದುರಿಗೆ ಕನ್ನಡದಲ್ಲಿ ಅರ್ಥ, ಯಾವ ಭಾಷೆಯಿಂದ ಬಂತು ಅನ್ನೋದು. ಸ್ಕ್ರ್ಯಾಬಲ್ ಪದಕ್ಕೆ ಒಂದು ಬಣ್ಣ, ಶಾಲೆಯಲ್ಲಿ ಬರೆಯಬಹುದಾದ ಪದಕ್ಕೆ ಇನ್ನೊಂದು ಬಣ್ಣ. ಅಕ್ಷರ ಹಾಕಿದರೆ ಪದ ಹುಡುಕಿಕೊಡುವ ಆ್ಯಪ್‌ಗಳು ಆಟ ನಡೆಯುವಾಗ ಬೇಡ, ಆಟ ಮುಗಿದಮೇಲೆ ‘ಏನು ಇಡಬಹುದಿತ್ತು’ ಅಂತ ನೋಡೋಕೆ ಒಳ್ಳೆಯದು.

ಮನೆಯ ಆಟಕ್ಕೆ ಒಂದು ನಿಯಮ ಮಾಡಿಕೊಳ್ಳಿ. ವಿಚಿತ್ರ ಪದ ಇಟ್ಟವರು ಅರ್ಥ ಹೇಳಬೇಕು, ಹೇಳೋಕೆ ಆಗದಿದ್ದರೆ ಅರ್ಧ ಅಂಕ. ಪಂದ್ಯಕ್ಕೆ ಹೋದಾಗ ಈ ನಿಯಮ ಇರೋದಿಲ್ಲ ಅಂತ ಅವಳಿಗೆ ಮೊದಲೇ ಹೇಳಿಬಿಡಿ. ಅಲ್ಲಿ ಎದುರಾಳಿ ‘ಚಾಲೆಂಜ್’ ಅಂದರೆ ಕಂಪ್ಯೂಟರಿನಲ್ಲಿ ಪದ ಹಾಕಿ ನೋಡುತ್ತಾರೆ, ಪಟ್ಟಿಯಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಬಿಲ್ಲೆ ವಾಪಸ್ ತೆಗೆದು ಸೊನ್ನೆ. ನಿಮ್ಮ ತಮ್ಮ ಹಬ್ಬಕ್ಕೆ ಬಂದಾಗ ಅವರನ್ನೂ ಕೂರಿಸಿಕೊಳ್ಳಿ, ಚಾಲೆಂಜ್ ಮಾಡೋಕೆ ಸರಿಯಾದ ಮನುಷ್ಯ.

ದಪ್ಪ ಡಿಕ್ಷನರಿ ಸದ್ಯಕ್ಕೆ ಬೇಡ. ಸ್ಕ್ರ್ಯಾಬಲ್‌ಗೆ ಅಂತ ಮಾರುವ ಪುಸ್ತಕಗಳಲ್ಲಿ ಬರೀ ಪದಗಳ ಸಾಲೇ ಇರುವವೂ ಇವೆ, ಅರ್ಥ ಇರೋದಿಲ್ಲ, ಅದನ್ನು ತಂದರೆ ಬೀರು ಬಾಗಿಲಿನ ಪಟ್ಟಿಯನ್ನೇ ದುಡ್ಡು ಕೊಟ್ಟು ತಂದ ಹಾಗೆ. ಕೊಡಿಸಲೇಬೇಕು ಅಂತಿದ್ದರೆ ಇಂಗ್ಲಿಷ್-ಇಂಗ್ಲಿಷ್-ಕನ್ನಡ ನಿಘಂಟು ಒಂದನ್ನು ಕೊಡಿಸಿ, ಸ್ಕೂಲ್ ಬ್ಯಾಗಿನಲ್ಲಿ ಹಿಡಿಸುವಂಥದ್ದು.